ಮರೆತವರಿಗೊಂದು ಹಾಡು, ಒಂದು ಚಿತ್ರ

ಸಂಜೆ ದೀಪ ಹಚ್ಚುವ ಹೊತ್ತು ಎಂದರೆ ನಿಮ್ಮೆಲ್ಲರ ಮನೆಯಲ್ಲೂ ಗಡಿಬಿಡಿಯೇ ಅಲ್ಲವೇ? ಸ್ಕೂಲಿನಿಂದ ಬಂದ ಮಕ್ಕಳಿಗೆ ಬಾಯಾಡಿಸಲು ಏನಾದರೂ ಬೇಕು, ಹಾಲು ಕಾಯಿಸಬೇಕು, ರಾತ್ರಿಯ ಸಾರಿಗೆ ಕಾಯಿ ತುರಿಯಬೇಕು. ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಆ ಹೊತ್ತಿಗೆ ಇನ್ನೊಂದು ಕೆಲಸ ಸೇರಿಕೊಂಡಿದೆ. ನಮ್ಮತ್ತೆ ಸೆರಗು ಹೊದ್ದು, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದು, ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ. "ಗಾಡಿ ಬಂತಾ? ನಾನು ಮನೆಗೆ ಹೋಗ್ಬೇಕು" ಅನ್ನುತ್ತಾರೆ. ಚೀಲದೊಳಗೆ ಒಂದು ಬಾಚಣಿಗೆ, ಒಂದು ಟವಲು, ಕೆಲವು ದಿನ ನಮ್ಮ ಮನೆಯ ಸಾರಿನ ಸೌಟು.

ಅವರ ತವರು ಬೀರೂರು. ತಂದೆ ರೈಲ್ವೆಯಲ್ಲಿದ್ದವರು. ಮದುವೆಯಾಗಿ ತಿಪಟೂರಿಗೆ ಬಂದು ಐವತ್ತೆಂಟು ವರ್ಷವಾಯಿತು. ಈ ಮನೆಯ ಒಂದೊಂದು ಗೋಡೆಗೂ ಅವರ ಕೈಯ ಸುಣ್ಣ ಬಿದ್ದಿದೆ. ಆದರೆ ಸಂಜೆಯಾಯಿತೆಂದರೆ ಇದು ಅವರಿಗೆ ಯಾರದೋ ಮನೆ. ನಾನು ಯಾರೋ ಒಬ್ಬ ಹೆಂಗಸು. ಇಪ್ಪತ್ತೆರಡು ವರ್ಷ "ಏನೇ, ಬಾರೇ" ಎಂದು ಕರೆದವರು ಈಗ "ನೀವು ಯಾರಮ್ಮ, ಒಳ್ಳೆಯವರ ಹಾಗೆ ಕಾಣ್ತೀರಿ" ಅನ್ನುತ್ತಾರೆ. ಮೊದಮೊದಲು ಬಚ್ಚಲುಮನೆಗೆ ಹೋಗಿ ಅತ್ತುಬಿಟ್ಟಿದ್ದೇನೆ. ಈಗ ಒಳ್ಳೆಯವಳು ಅಂದರಲ್ಲ, ಅಷ್ಟು ಸಾಕು ಅಂದುಕೊಳ್ಳುತ್ತೇನೆ. (ಮೊದಲು ಅದನ್ನೂ ಅಂದವರಲ್ಲ!)

'ಅರವತ್ತಕ್ಕೆ ಅರಳುಮರಳು' ಎಂದು ನಮ್ಮಲ್ಲಿ ನಕ್ಕು ಬಿಟ್ಟುಬಿಡುವ ರೂಢಿ. ನಾವೂ ಹಾಗೇ ಒಂದು ವರ್ಷ ಕಳೆದೆವು. ಸೋದರಿಯರೇ, ಆ ತಪ್ಪು ನೀವು ಮಾಡಬೇಡಿ. ಥೈರಾಯ್ಡ್ ಕಡಿಮೆಯಾದರೆ, ಬಿ-12 ಜೀವಸತ್ವ ಕಡಿಮೆಯಾದರೆ, ಮನಸ್ಸು ತುಂಬ ಕುಗ್ಗಿದರೆ ಕೂಡ ಮರೆವು ಬರುತ್ತದಂತೆ, ಅವಕ್ಕೆ ಔಷಧವಿದೆ. ಹಾಗಾಗಿ ಮೊದಲು ಡಾಕ್ಟರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಿ. ನಮ್ಮತ್ತೆಯವರಿಗೆ ಅವೆಲ್ಲ ಸರಿಯಿತ್ತು. ಕಡೆಗೆ ಬೆಂಗಳೂರಿಗೆ ಕರೆದುಕೊಂಡು ಹೋದಾಗ ಡಿಮೆನ್ಷಿಯಾ ಎಂದರು. ಮಿದುಳಿನ ಜೀವಕೋಶಗಳು ಮೆಲ್ಲಮೆಲ್ಲಗೆ ನಶಿಸುವ ಕಾಯಿಲೆ, ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಇಲ್ಲ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಜನ, ಅಂದರೆ ಸುಮಾರು 88 ಲಕ್ಷ ಮಂದಿ, ಈ ಕಾಯಿಲೆಯಲ್ಲಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ. ನೋಡಿಕೊಳ್ಳುವವರೂ ಹೆಂಗಸರೇ. ಈ ರೋಗಿಗಳ ಆರೈಕೆಯ ನೂರು ಗಂಟೆಗಳಲ್ಲಿ ಎಪ್ಪತ್ತು ಗಂಟೆ ಹೆಂಗಸರದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಲೆಕ್ಕ ಹಾಕಿದೆ. ನಮ್ಮ ಮನೆಯವರಿಗೆ ಈ ಲೆಕ್ಕ ಓದಿ ಹೇಳಿದೆ. "ಹೌದೇ?" ಎಂದು ಪೇಪರು ತಿರುವಿದರು.

ಇಷ್ಟು ಪೀಠಿಕೆ ಯಾಕೆಂದರೆ, ಈ ಸಲ ನಾನು ಅಡುಗೆಯ ವಿಷಯ ಬರೆಯುತ್ತಿಲ್ಲ. ಒಂದು ತಪ್ಪೊಪ್ಪಿಗೆ ಇದೆ.

ಹೋದ ವರ್ಷ ಒಂದು ಸಂಜೆ ಮನೆಗೆ ನೆಂಟರು ಬರುವವರಿದ್ದರು. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಅತ್ತೆ "ಗಾಡಿ, ಗಾಡಿ" ಎಂದು ಶುರುಮಾಡಿದರು. ನಾನು ಎಲ್ಲರೂ ಮಾಡುವ ಹಾಗೆಯೇ ಅವರನ್ನು ಟೀವಿ ಮುಂದೆ ಕೂರಿಸಿ, ಯಾವುದೋ ಸೀರಿಯಲ್ ಹಾಕಿ ಒಳಗೆ ಬಂದೆ. ಅದರಲ್ಲಿ ಏನಿತ್ತೋ, ಯಾರೋ ಯಾರನ್ನೋ ಮನೆಯಿಂದ ಆಚೆ ತಳ್ಳುವ ಗಲಾಟೆ. ನಮಗೆ ಅದು ಕಥೆ. ಅವರಿಗೆ ಅದು ನಮ್ಮ ನಡುಮನೆಯಲ್ಲೇ ನಡೆಯುತ್ತಿರುವ ಜಗಳ. ನಾನು ಎರಡನೇ ಸಲ ವಡೆ ತೆಗೆದು ಹೊರಗೆ ಬಂದು ನೋಡಿದರೆ ಕುರ್ಚಿ ಖಾಲಿ. ಬಾಗಿಲು ತೆರೆದಿದೆ. ಸೀರಿಯಲ್ಲು ಮಾತ್ರ ಕಿರುಚಾಡುತ್ತಲೇ ಇದೆ.

ಒಂದೂವರೆ ಗಂಟೆ ಹುಡುಕಿದೆವು. ಸ್ಟೇಷನ್ನಿನ ಕಡೆಯ ರಸ್ತೆಯಲ್ಲಿ, ಕಾಯಿ ಗಾಡಿಯವರೊಬ್ಬರು ಗುರುತು ಹಿಡಿದು ಕೂರಿಸಿಕೊಂಡಿದ್ದರು. ಅತ್ತೆಯವರ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಳಿಯ ತನಕ ಹೋಗಿದ್ದರೆ? ಆ ರಾತ್ರಿಯಿಂದ ನನಗೆ ಸೀರಿಯಲ್ಲಿನ ಆ ಸಂಗೀತ ಕೇಳಿದರೆ ಎದೆ ಡವಡವ ಅನ್ನುತ್ತದೆ.

ನನ್ನ ನಾದಿನಿಯ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ಇದೆಲ್ಲ ಹೇಳಿದಾಗ, "ಅತ್ತೆ, ಇಂಥವರಿಗೇ ಅಂತ ಬೇರೆ ಟೀವಿ, ಬೇರೆ ಪುಸ್ತಕ ಮಾಡುವವರು ಹೊರದೇಶದಲ್ಲಿ ಇದ್ದಾರೆ" ಎಂದಳು. ನಾನು ನಂಬಲಿಲ್ಲ. ಮಕ್ಕಳಿಗೆ ಬೇರೆ ಪುಸ್ತಕ ಇರುತ್ತದೆ ಸರಿ, ಮರೆತವರಿಗೂ ಉಂಟೇ? ಅವಳು ರಜೆಯಲ್ಲಿ ಬಂದು ಎರಡು ದಿನ ಕೂತು ಒಂದೊಂದಾಗಿ ಓದಿ ಹೇಳಿದಳು. ನನ್ನ ಹೈಸ್ಕೂಲು ಇಂಗ್ಲಿಷಿಗೆ ಎಟುಕಿದ್ದನ್ನು ನಾನೂ ಓದಿದೆ.

ಅಮೆರಿಕದ ಯೂಟಾ ಎಂಬ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ ಡೇಲ್ ಲಂಡ್, ರಾಬರ್ಟ್ ಹಿಲ್, ಮೈಕೆಲ್ ಕಾಸೆರ್ಟಾ, ಸ್ಕಾಟ್ ರೈಟ್ ಎಂಬ ನಾಲ್ವರು ಮುಪ್ಪಿನ ವಿಷಯ ಅಭ್ಯಾಸ ಮಾಡುವವರು. 1990ರ ಸುಮಾರಿನಲ್ಲಿ ಅವರು ಯೋಚಿಸಿದ್ದು ರೋಗಿಯನ್ನಷ್ಟೇ ಅಲ್ಲ, ನಮ್ಮಂಥವರನ್ನೂ. ಇಡೀ ದಿನ ರೋಗಿಯ ಹಿಂದೆ ಓಡಾಡುವ ಹೆಂಡತಿಗೋ ಮಗಳಿಗೋ ಸೊಸೆಗೋ ಅರ್ಧ ಗಂಟೆ ಬಿಡುವು ಹೇಗೆ ಕೊಡುವುದು? ಸ್ನಾನ ಮಾಡುವಷ್ಟು, ಒಂದು ಲೋಟ ಕಾಫಿ ಬಿಸಿಯಾಗಿದ್ದಾಗಲೇ ಕುಡಿಯುವಷ್ಟು! ಅದಕ್ಕಾಗಿ ಅವರು ವಿಡಿಯೋ ಟೇಪು ಮಾಡಿದರು. 'ವಿಡಿಯೋ ರೆಸ್ಪೈಟ್' ಎಂದು ಅದರ ಹೆಸರು. ವಿಡಿಯೋ ಬಿಡುವು ಎನ್ನಬಹುದು.

ಟೇಪಿನಲ್ಲಿ ಕಥೆಯೇ ಇಲ್ಲ. ಒಬ್ಬರು ಕ್ಯಾಮೆರಾದ ಮುಂದೆ ಕೂತು, ಎದುರು ಮನೆಯವರು ಜಗಲಿಗೆ ಬಂದು ಮಾತಾಡಿದ ಹಾಗೆ, ನಿಧಾನವಾಗಿ ಮಾತಾಡುತ್ತಾರೆ. ಬಾಲ್ಯದ ಮಾತು, ಹಳೆಯ ಕಾಲದ ಮಾತು ತೆಗೆಯುತ್ತಾರೆ, ಒಂದು ಸುಲಭದ ಪ್ರಶ್ನೆ ಕೇಳುತ್ತಾರೆ. ಕೇಳಿ ಸುಮ್ಮನಿರುತ್ತಾರೆ. ಆ ಸುಮ್ಮನಿರುವುದೇ ಮುಖ್ಯ. ನೋಡುತ್ತಿರುವವರು ಉತ್ತರ ಹೇಳಲಿ ಎಂದು ಬಿಟ್ಟ ಜಾಗ ಅದು. ಆಮೇಲೆ ಒಂದು ಹಳೆಯ ಹಾಡು ಹೇಳುತ್ತಾರೆ, ನೀವೂ ಹೇಳಿ ಅನ್ನುತ್ತಾರೆ. ನೋಡುವ ಹಿರಿಯರು ನಗುತ್ತಿದ್ದರು, ಉತ್ತರ ಕೊಡುತ್ತಿದ್ದರು, ಹಾಡಿಗೆ ದನಿಗೂಡಿಸುತ್ತಿದ್ದರು. ನಿನ್ನೆ ನೋಡಿದ್ದು ಇವತ್ತು ನೆನಪಿರದ ಕಾರಣ ಅದೇ ಟೇಪನ್ನು ಮತ್ತೆ ಹಾಕಿದರೂ ಅವರಿಗೆ ಹೊಸದೇ. ತಮ್ಮ ಈ ಕೆಲಸದ ಬಗ್ಗೆ ಅವರು 1995ರಲ್ಲಿ ಮುಪ್ಪಿನ ವಿಷಯದ ಒಂದು ಪತ್ರಿಕೆಯಲ್ಲಿ ಬರೆದರು.

ಇದನ್ನು ಓದಿದಾಗ ನನಗೆ ನಮ್ಮ ಮನೆಯ ಟೀವಿಯ ತಪ್ಪು ಗೊತ್ತಾಯಿತು. ಸೀರಿಯಲ್ಲು ನೋಡಬೇಕಾದರೆ ಹಿಂದಿನ ದೃಶ್ಯ ನೆನಪಿರಬೇಕು. ಅದೇ ಇಲ್ಲದವರಿಗೆ ಅಲ್ಲಿ ಕಾಣುವುದು ಬರೀ ಕೆಟ್ಟ ಮುಖ, ಕಿರುಚಾಟ, ಕಣ್ಣು ಕುಕ್ಕುವ ಬೆಳಕು. ವಾರ್ತೆಯೂ ಅಷ್ಟೇ. ಎಲ್ಲೋ ಪ್ರವಾಹ ಬಂದರೆ ನಮ್ಮ ಹಿತ್ತಲಿಗೇ ನೀರು ನುಗ್ಗಿತು ಎಂದು ಹೆದರುತ್ತಾರೆ.

ಇನ್ನೊಬ್ಬಾಕೆ ಇಂಗ್ಲೆಂಡಿನ ಹೆಲೆನ್ ಬೇಟ್. ಚಿತ್ರ ಬರೆಯುವಾಕೆ, ಮಕ್ಕಳಿಗಾಗಿ ಚಿತ್ರದ ಪುಸ್ತಕ ಮಾಡಿದವರು. ಅವರ ತಾಯಿಗೆ ಈ ಕಾಯಿಲೆ ಬಂತು. ಓದುವುದು ಕಷ್ಟವಾಯಿತು. ಹಾಗೆಂದು ದೊಡ್ಡವರ ಕೈಗೆ 'ಅ ಅಳಿಲು' ಪುಸ್ತಕ ಕೊಡಲಾದೀತೇ? ಅದು ಅವಮಾನ. ಆಕೆ 'ಪಿಕ್ಚರ್ಸ್ ಟು ಶೇರ್' ಎಂಬ ಪ್ರಕಾಶನವನ್ನೇ ಕಟ್ಟಿದರು. ಪುಟ ತುಂಬ ಒಂದೇ ಚಿತ್ರ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಒಂದೆರಡು ಸಾಲು. ಬಾಲ್ಯ, ತೋಟ, ಹೆಂಗಸರ ಕೆಲಸ, ಹೀಗೆ ಒಂದೊಂದು ಪುಸ್ತಕಕ್ಕೆ ಒಂದೊಂದು ವಿಷಯ. ಎಲ್ಲಿ ತೆರೆದರೂ ಅಲ್ಲಿಂದಲೇ ನೋಡಬಹುದು. ಮೊದಲು ಕೊನೆ ಎಂಬುದಿಲ್ಲ. ನೋಡಿದವರಿಗೆ ಇದು ಕಾಯಿಲೆಯವರ ಪುಸ್ತಕ ಎಂದು ಅನ್ನಿಸುವುದೇ ಇಲ್ಲ, ಯಾರ ಮನೆಯ ಮೇಜಿನ ಮೇಲೂ ಇಡುವಂಥದ್ದು.

ಹಾಡಿನ ಕಥೆ ಇಬ್ಬರದ್ದಿದೆ. ನ್ಯೂಯಾರ್ಕಿನ ಡ್ಯಾನ್ ಕೋಹೆನ್ ಸಮಾಜಸೇವೆಯ ಶಿಕ್ಷಣ ಪಡೆದವರು. 2006ರಲ್ಲಿ ರೇಡಿಯೋದಲ್ಲಿ, ಈಗ ಎಲ್ಲರ ಕಿವಿಯಲ್ಲೂ ಐಪಾಡ್ ಎಂಬ ಮಾತು ಕೇಳಿದರಂತೆ. ನಾನು ಮುದುಕನಾಗಿ ಯಾವುದೋ ವೃದ್ಧರ ಆರೈಕೆ ಮನೆ ಸೇರಿದರೆ ನನ್ನ ವಯಸ್ಸಿನ ಹಾಡು ನನಗೆ ಕೇಳಲು ಸಿಗುತ್ತದೆಯೇ ಎಂಬ ಯೋಚನೆ ಹತ್ತಿತು. ಒಂದು ಆರೈಕೆ ಮನೆಗೆ ಹೋಗಿ ಒಬ್ಬೊಬ್ಬರಿಗೂ ಅವರವರ ಇಷ್ಟದ ಹಾಡು ತುಂಬಿಕೊಟ್ಟರು. 2008ರಲ್ಲಿ ಒಂದು ಪ್ರತಿಷ್ಠಾನದ ನೆರವಿನಿಂದ 200 ಜನಕ್ಕೆ ಹೀಗೆ ಕೊಟ್ಟರು. 2010ರಲ್ಲಿ 'ಮ್ಯೂಸಿಕ್ ಅಂಡ್ ಮೆಮೊರಿ' ಎಂಬ ಸೇವಾಸಂಸ್ಥೆಯಾಯಿತು. 'ಅಲೈವ್ ಇನ್‌ಸೈಡ್' ಎಂಬ ಸಾಕ್ಷ್ಯಚಿತ್ರ 2014ರಲ್ಲಿ ಇವರ ಕೆಲಸದ ಮೇಲೇ ಬಂದದ್ದು. ಅದರ ಒಂದು ತುಣುಕನ್ನು ನಾದಿನಿಯ ಮಗಳು ಫೋನಿನಲ್ಲಿ ತೋರಿಸಿದಳು. ತಲೆ ತಗ್ಗಿಸಿ ಕುರ್ಚಿಯಲ್ಲಿ ಕೂತ ಒಬ್ಬ ಕರಿಯ ವೃದ್ಧ. ಕಿವಿಗೆ ಹಾಡು ಹಾಕುತ್ತಾರೆ. ಕಣ್ಣು ಇಷ್ಟಗಲ ತೆರೆದು, ಕೈ ಆಡಿಸಿ, ದನಿ ತೆಗೆದು ಹಾಡುತ್ತಾನೆ. ಅಷ್ಟೇ ಅಲ್ಲ, ಹಾಡು ತೆಗೆದ ಮೇಲೂ ಮಾತಾಡುತ್ತಾನೆ! ನಾನು ಮೂರು ಸಲ ನೋಡಿದೆ.

ಸ್ಕಾಟ್ಲೆಂಡಿನ ಸ್ಯಾಲಿ ಮ್ಯಾಗ್ನಸನ್ ಪತ್ರಕರ್ತೆ, ಬಿಬಿಸಿಯಲ್ಲಿ ಕೆಲಸ ಮಾಡಿದವರು. ಅವರ ತಾಯಿ ಮೇಮಿ ಕೂಡ ಪತ್ರಕರ್ತೆಯೇ, ಮಾತಿನಲ್ಲಿ ಬರಹದಲ್ಲಿ ಹೆಸರು ಮಾಡಿದವರು. ಅಂಥವರ ಮಾತೇ ಒಂದೊಂದಾಗಿ ಉದುರಿಹೋಯಿತು. ಹಾಡು ಮಾತ್ರ ಉಳಿಯಿತು. ಸ್ಯಾಲಿ ಮತ್ತು ಅವರ ಸೋದರಿಯರು ತಾಯಿಯ ಜತೆ ಹಾಡಿಕೊಂಡೇ ದಿನ ದೂಡಿದರು. ತಾಯಿ 2012ರಲ್ಲಿ ತೀರಿಕೊಂಡರು. ಮರುವರ್ಷವೇ, 2013ರಲ್ಲಿ, ಸ್ಯಾಲಿ 'ಪ್ಲೇಲಿಸ್ಟ್ ಫಾರ್ ಲೈಫ್' ಎಂಬ ಸಂಸ್ಥೆ ಕಟ್ಟಿದರು. ಯಾರೋ ಒಬ್ಬರಿಗೆ ಯಾವುದೋ ಒಳ್ಳೆಯ ಸಂಗೀತ ಹಾಕುವುದಲ್ಲ, ಆ ಮನುಷ್ಯನ ಜೀವನಕ್ಕೆ ಅಂಟಿಕೊಂಡ ಹಾಡನ್ನೇ ಹುಡುಕಬೇಕು ಎಂಬುದು ಅವರ ಮಾತಿನ ಸಾರ. ಹತ್ತರಿಂದ ಮೂವತ್ತು ವಯಸ್ಸಿನ ಒಳಗೆ ಕೇಳಿದ್ದು ಹೆಚ್ಚು ಆಳಕ್ಕೆ ಇಳಿದಿರುತ್ತದಂತೆ. ಯೋಚಿಸಿ, ನಮ್ಮ ಓದು, ಮದುವೆ, ಮೊದಲ ಮಗು ಎಲ್ಲ ಅಷ್ಟರೊಳಗೇ ತಾನೇ?

ಇವರಾರೂ ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳುವುದಿಲ್ಲ. ಅದೇ ನನಗೆ ನಂಬಿಕೆ ತಂದದ್ದು. ಊರಿಗೆ ಬಂದು ಎಣ್ಣೆ ಮಾರಿ ಹೋದವನೊಬ್ಬ ನಲವತ್ತು ದಿನದಲ್ಲಿ ನೆನಪು ತರಿಸುತ್ತೇನೆ ಎಂದಿದ್ದ. ಆ ದುಡ್ಡಿನ ಕಥೆ ಬೇಡ ಬಿಡಿ.

ಇನ್ನು ನಮ್ಮ ಮನೆಯ ಪ್ರಯೋಗ. ಆ ವಿದೇಶದ ಟೇಪು, ಪುಸ್ತಕ ನಮ್ಮತ್ತೆಗೆ ಏನು ಪ್ರಯೋಜನ? ಅವರ ಸಮುದ್ರ, ಅವರ ಟೊಪ್ಪಿ, ಅವರ ಹಾಡು. ನಮ್ಮದನ್ನು ನಾವೇ ಮಾಡಿಕೊಳ್ಳಬೇಕಾಯಿತು.

ಮೊದಲು ಹಾಡು. ಹುಡುಗಿ ಉತ್ಸಾಹದಿಂದ 'ಹಳೇ ಹಾಡು' ಎಂದು ಒಂದು ರಾಶಿ ತುಂಬಿದಳು. ಅತ್ತೆ ಮುಖ ತಿರುಗಿಸಲೇ ಇಲ್ಲ. ನೋಡಿದರೆ ಎಲ್ಲ 1985ರ ಈಚಿನವು. ಅವಳಿಗೆ ಹಳೆಯದು, ಅಜ್ಜಿಗೆ ನಿನ್ನೆಯದು! ಅತ್ತೆ ಹುಟ್ಟಿದ್ದು 1945ರಲ್ಲಿ. ಲೆಕ್ಕ ಹಾಕಿ 1955ರಿಂದ 75ರ ಒಳಗಿನದು ಹುಡುಕಿದೆವು. ಕಾಳಿಂಗರಾಯರ ಭಾವಗೀತೆಗಳು, 1965ರ 'ಸತ್ಯ ಹರಿಶ್ಚಂದ್ರ', 1972ರ 'ಬಂಗಾರದ ಮನುಷ್ಯ', ಹೀಗೆ. ಕಾಳಿಂಗರಾಯರ ದನಿಗೆ ಬೆರಳು ತಾಳ ಹಾಕಿತು. ಒಂದು ಸಿನಿಮಾ ಹಾಡಿಗೆ ಮಾತ್ರ ಬಿಕ್ಕಿಬಿಕ್ಕಿ ಅತ್ತರು, ಸಮಾಧಾನ ಮಾಡಲು ಒಂದು ಗಂಟೆ ಹಿಡಿಯಿತು. ಆಮೇಲೆ ಬೀರೂರಿನ ಮಾವನವರಿಂದ ಗೊತ್ತಾಯಿತು, ಆ ಸಿನಿಮಾಕ್ಕೆ ಅತ್ತೆ ತಮ್ಮ ತಂಗಿಯ ಜತೆ ಹೋಗಿದ್ದರು, ಆ ವರ್ಷವೇ ತಂಗಿ ಹೆರಿಗೆಯಲ್ಲಿ ಹೋಗಿಬಿಟ್ಟರು. ಆ ಹಾಡನ್ನು ತೆಗೆದುಹಾಕಿದೆವು. ಹಾಡು ಹಾಕಿ ನೀವು ಒಳಗೆ ಹೋಗಬೇಡಿ, ಮೊದಲ ಸಲ ಪಕ್ಕದಲ್ಲೇ ಕೂತು ಮುಖ ನೋಡಿ.

ಎಲ್ಲಕ್ಕಿಂತ ಹಿಡಿಸಿದ್ದು ಸಿನಿಮಾ ಹಾಡೂ ಅಲ್ಲ, ಭಾವಗೀತೆಯೂ ಅಲ್ಲ. ಎದುರುಮನೆಯ ಅಜ್ಜಮ್ಮ ಅತ್ತೆಯವರ ಓರಗೆಯವರು, ಅವರನ್ನು ಕೂರಿಸಿಕೊಂಡು ಹಸೆಗೆ ಕರೆಯುವ ಹಾಡು, ಬೀಸುವಾಗಿನ ಹಾಡು ಫೋನಿನಲ್ಲಿ ಹಿಡಿದೆವು. ಹಲ್ಲಿಲ್ಲದ ಬಾಯಿ, ನಡುನಡುವೆ ಕೆಮ್ಮು, ಹಿಂದಿನಿಂದ ಕುಕ್ಕರಿನ ಸೀಟಿ. ಅದನ್ನು ಹಾಕಿದ ದಿನ ನಮ್ಮತ್ತೆ ಎರಡನೇ ಸಾಲಿಗೆ ದನಿ ಸೇರಿಸಿದರು. ಅಷ್ಟೇ ಅಲ್ಲ, ಅಜ್ಜಮ್ಮ ಬಿಟ್ಟ ಒಂದು ಸಾಲನ್ನು ತಾವೇ ತುಂಬಿದರು! ನನ್ನ ಹೆಸರು ನೆನಪಿಲ್ಲದವರಿಗೆ ಹದಿನಾರು ಸಾಲಿನ ಹಾಡು ಎಲ್ಲಿತ್ತು?

ಆಮೇಲೆ ಪುಸ್ತಕ. ಮಗಳ ದೊಡ್ಡ ಡ್ರಾಯಿಂಗ್ ಪುಸ್ತಕ ತೆಗೆದುಕೊಂಡೆ. ಹಳೆಯ ಆಲ್ಬಮ್ಮಿನ ಫೋಟೋಗಳನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದೆ. ಪುಟಕ್ಕೆ ಒಂದೇ ಫೋಟೋ, ಕೆಳಗೆ ದಪ್ಪ ಸ್ಕೆಚ್ ಪೆನ್ನಿನಲ್ಲಿ 'ಬೀರೂರಿನ ಮನೆ', 'ಅಪ್ಪ ಡ್ಯೂಟಿಗೆ ಹೊರಟರು' ಎಂದು ಒಂದು ಸಾಲು. ಮೊದಲು ಮಾಡಿದ ತಪ್ಪು, ನಮ್ಮ ಮದುವೆಯ ಗ್ರೂಪ್ ಫೋಟೋ ಅಂಟಿಸಿದ್ದು. ನಲವತ್ತು ತಲೆ ಒಟ್ಟಿಗೆ ನೋಡಿ ಗಾಬರಿಯಾದರು. ಎರಡನೆಯ ತಪ್ಪು ನನ್ನ ಬಾಯಿಯದು. "ಇದು ಯಾರು ಹೇಳಿ ನೋಡೋಣ?" ಎಂದು ಪರೀಕ್ಷೆ ಮಾಡಿದೆ. ಗೊತ್ತಿಲ್ಲ ಎನ್ನಬೇಕಾಗಿ ಬಂದಾಗ ಅವರ ಮುಖ ಸಣ್ಣದಾದದ್ದು ನೋಡಿ ನಾಚಿಕೆಯಾಯಿತು. ಈಗ ಕೇಳುವುದಿಲ್ಲ. "ಎಷ್ಟು ಚೆಂದದ ಸೀರೆ" ಎಂದು ನಾನೇ ಮಾತು ತೆಗೆದರೆ ಅವರು ಮುಂದುವರಿಸುತ್ತಾರೆ. ಆಲ್ಬಮ್ಮಿನಲ್ಲಿ ಇಲ್ಲದ್ದನ್ನು ಹಳೆಯ ಪತ್ರಿಕೆಗಳಿಂದ ಕತ್ತರಿಸಿದೆ: ಒರಳುಕಲ್ಲು, ಮಲ್ಲಿಗೆ ದಂಡೆ, ಉಗಿಬಂಡಿ.

ಮೂರನೆಯದರಲ್ಲಿ ಮನೆಯೊಳಗೆ ಜಗಳವೇ ಆಯಿತು. ಅಮೆರಿಕದಲ್ಲಿ ಪೀಟರ್ ವುಡ್ಸ್, ಜೇನ್ ಆಶ್ಲಿ ಎಂಬಿಬ್ಬರು 1995ರಲ್ಲಿ ಬರೆದ ಒಂದು ಉಪಾಯವಿದೆ. ಮಗನೋ ಮಗಳೋ ಫೋನಿನಲ್ಲಿ ಮಾತಾಡುವಂತೆ, ಉತ್ತರಕ್ಕೆ ನಡುವೆ ಜಾಗ ಬಿಟ್ಟು, ಕ್ಯಾಸೆಟ್ಟಿನಲ್ಲಿ ದನಿ ಹಿಡಿದಿಟ್ಟು ಕೇಳಿಸುವುದು. ನನ್ನ ಮೈದುನ ಪುಣೆಯಲ್ಲಿದ್ದಾನೆ. ಅವನ ಹತ್ತಿರ ಹಾಗೆ ಮಾತಾಡಿಸಿ ಕಳಿಸಿಕೊಂಡೆ. ನಾದಿನಿಗೆ ಸಿಟ್ಟು ಬಂತು. "ಅತ್ತಿಗೆ, ಇದು ಅಮ್ಮನಿಗೆ ಮಾಡೋ ಮೋಸ. ಅವನು ಅಲ್ಲಿ ಇಲ್ಲ, ಇದ್ದಾನೆ ಅಂತ ನಂಬಿಸ್ತೀರಾ?" ಎಂದಳು. "ಸಂಜೆ ಆರು ಗಂಟೆಗೆ ನೀನು ಬಂದು ಬಾಗಿಲಲ್ಲಿ ನಿಲ್ಲು, ಆಗ ಗೊತ್ತಾಗುತ್ತೆ" ಎಂದು ನಾನೂ ಹಲ್ಲು ಕಚ್ಚಿ ಅಂದುಬಿಟ್ಟೆ. ಎರಡು ವಾರ ಮಾತಿಲ್ಲ.

ಮೂರು ವಾರ ಚೆನ್ನಾಗಿ ನಡೆಯಿತು. "ಅಮ್ಮಾ, ಚೆನ್ನಾಗಿದೀಯಾ?" ಎಂದು ಅವನ ದನಿ, "ಊಟ ಆಯ್ತಾ ಮಗಾ?" ಎಂದು ಇವರು. ಒಂದು ದಿನ ಇದ್ದಕ್ಕಿದ್ದಂತೆ "ನಿನ್ನ ಕಾಲು ನೋವು ಹೇಗಿದೆ?" ಎಂದು ಕೇಳಿದರು. ಚಿಕ್ಕವನಿದ್ದಾಗ ಕಾಲು ಮುರಿದುಕೊಂಡಿದ್ದನಂತೆ. ದನಿ ಉತ್ತರ ಹೇಳಲಿಲ್ಲ, ಹೇಳಬೇಕಾದ್ದನ್ನು ಹೇಳಿಕೊಂಡು ಹೋಯಿತು. ಮತ್ತೆ ಕೇಳಿದರು. ಮತ್ತೆ ಇಲ್ಲ. ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ. ಈ ಉಪಾಯ ಎಲ್ಲರಿಗೂ ಹೊಂದುವುದಿಲ್ಲ ಎಂದು ಅದನ್ನು ಪರೀಕ್ಷಿಸಿದವರೂ ಹೇಳಿದ್ದಾರಂತೆ. ನಾನು ಅಳಿಸಿಹಾಕಿ, ನಡೆದದ್ದನ್ನು ಮೈದುನನಿಗೆ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಮರುದಿನದಿಂದ ಆರು ಗಂಟೆಗೆ ಅವನೇ ಫೋನು ಮಾಡುತ್ತಾನೆ. ನಾಲ್ಕೇ ನಿಮಿಷ, ಆಫೀಸಿನ ಮೆಟ್ಟಿಲ ಮೇಲೆ ನಿಂತು. ನಾದಿನಿಗೂ ನನಗೂ ಮಾತು ಶುರುವಾಗಿದೆ. ಅವಳ ಮಾತಿನಲ್ಲಿ ಹುರುಳಿತ್ತು ಎಂದು ಇಲ್ಲಿ ಬರೆದಿದ್ದೇನೆ, ಎದುರಿಗೆ ಇನ್ನೂ ಹೇಳಿಲ್ಲ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಎಲ್ಲವನ್ನೂ ಒಬ್ಬರೇ ಹೊರಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆ, ಸಲಹೆ ಸಿಗುತ್ತದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಅಲ್ಲಿ ಇಂಥವರ ಆರೈಕೆಯ ಕೆಲಸ ಮಾಡುತ್ತದೆ. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಎಆರ್‌ಡಿಎಸ್‌ಐ ಸಂಸ್ಥೆಯವರು ಮನೆಯವರಿಗೆ ತಿಳಿವಳಿಕೆ ಕೊಡುತ್ತಾರೆ. ಅತ್ತೆಯವರ ಬಳೆಯ ಜತೆಗೆ ನಮ್ಮ ಫೋನ್ ನಂಬರು ಬರೆದ ಒಂದು ತಗಡಿನ ಬಿಲ್ಲೆ ಕಟ್ಟಿಸಿದ್ದೇನೆ. ಅದನ್ನು ಮೊದಲ ದಿನವೇ ಮಾಡಬೇಕಿತ್ತು.

ಮೊನ್ನೆ ಸಂಜೆ ಮತ್ತೆ ಚೀಲ ಹಿಡಿದು ಎದ್ದರು. ನಾನು ಪುಸ್ತಕ ತೆರೆದು ಉಗಿಬಂಡಿಯ ಪುಟ ಮುಂದಿಟ್ಟೆ. ಬಹಳ ಹೊತ್ತು ನೋಡಿದರು, ಬೆರಳಿನಿಂದ ಹೊಗೆಯನ್ನು ಸವರಿದರು. ಆಮೇಲೆ ಚೀಲ ಕೆಳಗಿಟ್ಟು, ಪಕ್ಕದಲ್ಲಿ ಜಾಗ ಮಾಡಿಕೊಟ್ಟು, "ಗಾಡಿ ಲೇಟಂತೆ, ಕೂತ್ಕೊಳ್ಳಮ್ಮ. ನೀವೂ ಬೀರೂರಿಗೇನಾ?" ಎಂದರು.

ಒಳಗೆ ಸಾರು ಉಕ್ಕಿ ಒಲೆಗೆ ಚೆಲ್ಲುವ ಸದ್ದು ಕೇಳುತ್ತಿತ್ತು. "ಹೂಂ, ಬೀರೂರಿಗೇ" ಎಂದು ಕೂತೆ.